ಹಾಲು, ಮೊಟ್ಟೆ, ಶೇಂಗಾ ಬಿಡಿಸಿದರೂ ಮಗನ ದಮ್ಮು ನಿಂತಿಲ್ಲ: ಇನ್ನೇನು ಬಿಡಿಸಬೇಕು?

ಓದುಗರ ಪ್ರಶ್ನೆ: ನಾವು ಗಂಗಾವತಿಯವರು. ಮಗನಿಗೆ ಏಳು ವರ್ಷ. ಮೂರನೆಯ ವರ್ಷದಿಂದ ಅವನಿಗೆ ಮೇಲಿಂದ ಮೇಲೆ ನೆಗಡಿ, ಕೆಮ್ಮು, ರಾತ್ರಿ ಹೊತ್ತು ದಮ್ಮು. ಎದೆಯಲ್ಲಿ ಸುಂಯ್ ಎಂದು ಸದ್ದು ಬರುತ್ತದೆ. ಹಾಲು, ಮೊಸರು, ಬಾಳೆಹಣ್ಣು ಕಫ ಮಾಡುತ್ತವೆ ಎಂದು ಮನೆಯ ಹಿರಿಯರು ಹೇಳಿದ್ದರಿಂದ ಎರಡು ವರ್ಷದ ಹಿಂದೆಯೇ ಅವನ್ನು ನಿಲ್ಲಿಸಿದೆವು. ಕಳೆದ ವರ್ಷ ಪರಿಚಯದವರ ಮಾತಿನಂತೆ ರಕ್ತ ಕಳಿಸಿ ತೊಂಬತ್ತು ಆಹಾರಗಳ ‘ಅಸಹಿಷ್ಣುತೆ ಪರೀಕ್ಷೆ’ ಮಾಡಿಸಿದೆವು. ಐಜಿಜಿ ಎಂದು ಬರೆದಿರುವ ಆ ವರದಿಯಲ್ಲಿ ಹಾಲು, ಮೊಟ್ಟೆ, ಗೋಧಿ, ತೊಗರಿ, ಶೇಂಗಾ ಕೆಂಪು ಬಣ್ಣದಲ್ಲಿ ಬಂದಿವೆ. ಅಂದಿನಿಂದ ಅವನ್ನೂ ಬಿಡಿಸಿ, ಶಾಲೆಯಲ್ಲಿ ಹಾಲು, ಮೊಟ್ಟೆ, ಚಿಕ್ಕಿ ಕೊಡಬೇಡಿ ಎಂದು ಬರೆದುಕೊಟ್ಟಿದ್ದೇವೆ. ಈಗ ಅವನ ಊಟ ಅನ್ನ, ತಿಳಿಸಾರು, ಜೋಳದ ರೊಟ್ಟಿ, ಪಲ್ಯ ಅಷ್ಟೆ. ಆದರೂ ತಿಂಗಳಿಗೆ ಎರಡು ಸಲ ದಮ್ಮು ಬರುತ್ತದೆ. ತೂಕ 17 ಕೆಜಿ, ಒಂದು ವರ್ಷದಿಂದ ಏರಿಲ್ಲ. ದಮ್ಮು ಬಂದಾಗ ಸಿರಪ್ ಕೊಡುತ್ತೇವೆ. ವೈದ್ಯರು ಇನ್ಹೇಲರ್ ಬರೆದಿದ್ದರು, ಚಟವಾಗುತ್ತದೆಂಬ ಭಯದಿಂದ ಹದಿನೈದು ದಿನಕ್ಕೇ ಬಿಟ್ಟೆವು. ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ ಹೋದಾಗ ಮಿರ್ಚಿ ತಿಂದು, ಕಿತ್ತಳೆ ಬಣ್ಣದ ಪಾನೀಯ ಕುಡಿದ ಐದೇ ನಿಮಿಷಕ್ಕೆ ಕೆಮ್ಮು ಹತ್ತಿ, ರಾತ್ರಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಮನೆಯ ಹಿಂದೆಯೇ ಎರಡು ಅಕ್ಕಿ ಗಿರಣಿಗಳಿವೆ. ಇನ್ನೂ ಯಾವ ಆಹಾರ ಬಿಡಿಸಬೇಕು?

ಉತ್ತರ: ಇನ್ನು ಯಾವುದನ್ನೂ ಬಿಡಿಸಬೇಡಿ. ಬಿಡಿಸಿರುವುದರಲ್ಲಿ ಬಹುಪಾಲನ್ನು ತಿರುಗಿ ಅವನ ತಟ್ಟೆಗೆ ತರುವುದು ಹೇಗೆ ಎಂಬುದೇ ನಾವು ಮಾತಾಡಬೇಕಾದ ವಿಷಯ. ಬಳ್ಳಾರಿಯಲ್ಲಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಮಕ್ಕಳ ಉಸಿರಾಟದ ಕಾಯಿಲೆಗಳನ್ನು ನೋಡುತ್ತ ಬಂದಿರುವ ನನಗೆ ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಹೆಚ್ಚು ಕಳವಳ ಹುಟ್ಟಿಸಿದ್ದು ಆ 17 ಕೆಜಿ ಎಂಬ ಅಂಕಿ. ಏಳು ತುಂಬಿದ ಹುಡುಗನ ಸರಾಸರಿ ತೂಕ ಸುಮಾರು 23 ಕೆಜಿ, ಮತ್ತು ಈ ವಯಸ್ಸಿನಲ್ಲಿ ಮಗು ವರ್ಷಕ್ಕೆ ಎರಡು ಕೆಜಿಯಷ್ಟು ಏರಬೇಕು. ದಮ್ಮನ್ನು ತಡೆಯಲೆಂದು ಬಿಡಿಸಿದ ಆಹಾರ ದಮ್ಮನ್ನು ತಡೆಯಲಿಲ್ಲ, ಬೆಳವಣಿಗೆಯನ್ನು ತಡೆದಿರುವ ಸಾಧ್ಯತೆ ಮಾತ್ರ ಎದುರಿಗಿದೆ.

ಇದನ್ನು ನಿಮ್ಮ ಮೇಲೆ ತಪ್ಪು ಹೊರಿಸಲು ಹೇಳುತ್ತಿಲ್ಲ. ನಡುರಾತ್ರಿ ಮಗು ಎದ್ದು ಕುಳಿತು ಗೋಡೆಗೆ ಒರಗಿ ಉಸಿರಿಗೆ ಒದ್ದಾಡುವಾಗ ತಾಯಿಯ ಹಿಡಿತದಲ್ಲಿರುವುದು ಅಡುಗೆಮನೆಯೊಂದೇ. ಗಿರಣಿಯ ಬೂದಿಯನ್ನು ಆಕೆ ನಿಲ್ಲಿಸಲಾರಳು, ಹವೆಯನ್ನು ಬದಲಿಸಲಾರಳು, ಆದರೆ ತಟ್ಟೆಯಿಂದ ಒಂದು ಪದಾರ್ಥವನ್ನು ತೆಗೆಯಬಲ್ಲಳು. ವೃತ್ತಿಯ ಮೊದಲ ವರ್ಷಗಳಲ್ಲಿ ನಾನೂ ಔಷಧದ ಚೀಟಿಯ ಕೆಳಗೆ ‘ಮೊಸರು, ಬಾಳೆಹಣ್ಣು ಬೇಡ’ ಎಂದು ಬರೆಯುತ್ತಿದ್ದೆ, ಏಕೆಂದರೆ ಹಾಗೆ ಬರೆಯದಿದ್ದರೆ ಏನೋ ಕಡಿಮೆಯಾಯಿತೆಂದು ತಂದೆತಾಯಿಗೆ ಅನಿಸುತ್ತಿತ್ತು. ಆ ಮಕ್ಕಳು ಮತ್ತೆ ಬಂದಾಗ ದಮ್ಮು ಹಾಗೆಯೇ ಇದ್ದು ಪಕ್ಕೆಲುಬುಗಳು ಮಾತ್ರ ಎದ್ದು ಕಾಣುತ್ತಿದ್ದುದನ್ನು ಕಂಡ ಮೇಲೆ ಬರೆಯುವುದನ್ನು ಬಿಟ್ಟೆ.

ಮೊದಲಿಗೆ, ಒಂದೇ ಮಾತಿನಲ್ಲಿ ಕಲಸಿಹೋಗಿರುವ ಮೂರು ಸಂಗತಿಗಳನ್ನು ಬೇರೆ ಮಾಡೋಣ. ಅಲರ್ಜಿ ಎಂದರೆ ದೇಹದ ರಕ್ಷಣಾ ವ್ಯವಸ್ಥೆ ಆಹಾರದಲ್ಲಿರುವ ಒಂದು ಪ್ರೋಟೀನನ್ನು ಶತ್ರುವೆಂದು ತಪ್ಪಾಗಿ ಗುರುತಿಸಿ ಅದರ ಮೇಲೆ ಬೀಳುವುದು. ಇದು ಸಾಮಾನ್ಯವಾಗಿ ತಿಂದ ಕೆಲವು ನಿಮಿಷಗಳಿಂದ ಎರಡು ಗಂಟೆಯೊಳಗೆ, ಪಿತ್ತಗಂಧೆಯಂತಹ ದದ್ದು, ತುಟಿ ಕಣ್ಣುಗಳ ಊತ, ವಾಂತಿ, ಕೆಲವೊಮ್ಮೆ ಉಬ್ಬಸದ ರೂಪದಲ್ಲಿ, ತಿಂದಾಗಲೆಲ್ಲ ಕಾಣಿಸಿಕೊಳ್ಳುತ್ತದೆ. ಅಸಹಿಷ್ಣುತೆ ಎಂಬುದು ಬೇರೆಯೇ ಸಂಗತಿ, ಅದರಲ್ಲಿ ರಕ್ಷಣಾ ವ್ಯವಸ್ಥೆಯ ಪಾತ್ರವಿಲ್ಲ. ಹಾಲಿನ ಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್ ಎಂಬ ಕಿಣ್ವ ಕರುಳಿನಲ್ಲಿ ಕಡಿಮೆಯಾದಾಗ ಹಾಲು ಕುಡಿದವರಿಗೆ ಹೊಟ್ಟೆಯುಬ್ಬರ, ಗುಡುಗುಡು, ಭೇದಿ ಆಗುವುದು ಇದಕ್ಕೆ ಒಳ್ಳೆಯ ಉದಾಹರಣೆ. ಹೊಟ್ಟೆ ಬಿಗಿದಾಗ ಉಸಿರು ಕಟ್ಟಿದಂತೆ ಮಗುವಿಗೆ ಅನಿಸಬಹುದು, ಆದರೆ ಶ್ವಾಸನಾಳ ಬಿಗಿದು ಸುಂಯ್ ಎನ್ನುವುದಕ್ಕೆ ಲ್ಯಾಕ್ಟೇಸ್ ಕೊರತೆ ಕಾರಣವಾಗುವುದಿಲ್ಲ. ಮೂರನೆಯದು ನಮ್ಮ ಮನೆಗಳಲ್ಲಿ ತಲೆತಲಾಂತರದಿಂದ ಬಂದಿರುವ ಥಂಡಿ, ಉಷ್ಣ, ಕಫಗಳ ಲೆಕ್ಕ. ಅದರಲ್ಲಿ ಹಿರಿಯರ ಕಾಳಜಿ ಇದೆ, ಕೆಲವು ಒಳ್ಳೆಯ ಅಡುಗೆಯ ಅಭ್ಯಾಸಗಳೂ ಇವೆ. ಆದರೆ ಅಸ್ತಮಾ ಇರುವ ಮಗುವಿನ ಊಟವನ್ನು ಅದರಿಂದ ನಿರ್ಧರಿಸಲು ಆಗುವುದಿಲ್ಲ.

ಹಾಗಾದರೆ ರಾತ್ರಿ ಮೊಸರನ್ನ ಉಂಡ ಮಗು ಬೆಳಗಿನ ಜಾವ ನಾಲ್ಕಕ್ಕೆ ಕೆಮ್ಮುವುದನ್ನು ಇಷ್ಟೊಂದು ತಾಯಂದಿರು ಕಣ್ಣಾರೆ ಕಂಡಿದ್ದಾರಲ್ಲ, ಅದು ಸುಳ್ಳೇ ಎಂದು ನೀವು ಕೇಳಬಹುದು. ಕಂಡದ್ದು ನಿಜ, ಅದಕ್ಕೆ ಹಚ್ಚಿದ ಕಾರಣ ಮಾತ್ರ ತಪ್ಪು. ಅಸ್ತಮಾಕ್ಕೆ ತನ್ನದೇ ಆದ ಗಡಿಯಾರವಿದೆ. ಶ್ವಾಸನಾಳದ ಉರಿಯೂತವನ್ನು ಅಂಕೆಯಲ್ಲಿಡುವ ಕಾರ್ಟಿಸಾಲ್ ಎಂಬ ಹಾರ್ಮೋನು ನಡುರಾತ್ರಿಯ ಹೊತ್ತಿಗೆ ದೇಹದಲ್ಲಿ ಅತ್ಯಂತ ಕಡಿಮೆ ಇರುತ್ತದೆ, ಮತ್ತು ಬೆಳಗಿನ ಜಾವಕ್ಕೆ ಶ್ವಾಸನಾಳಗಳು ದಿನದಲ್ಲೇ ಅತಿ ಕಿರಿದಾಗಿರುತ್ತವೆ. ಆ ಮಗು ರೊಟ್ಟಿ ಉಂಡಿದ್ದರೂ ನಾಲ್ಕಕ್ಕೇ ಕೆಮ್ಮುತ್ತಿತ್ತು. ಅದಕ್ಕಿಂತ ದೊಡ್ಡ ಮೋಸ ಋತುವಿನದು. ಎಳ್ಳಮಾವಾಸ್ಯೆಯಂದು ಹೊಲದಲ್ಲಿ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ಉಂಡು ಬಂದ ಮಗುವಿಗೆ ರಾತ್ರಿ ದಮ್ಮು ಬಂದರೆ ಮನೆಯವರು ಮೊಸರನ್ನೂ ಶೇಂಗಾವನ್ನೂ ನೆನೆಯುತ್ತಾರೆ. ಆದರೆ ಚಳಿಗಾಲದ ಮುಂಜಾವಿನಲ್ಲಿ ಟ್ರ್ಯಾಕ್ಟರಿನ ಹಿಂದೆ ಕೂತು ದೂಳು ಕುಡಿದದ್ದು, ಭತ್ತದ ಕೊಯ್ಲು ಮುಗಿದು ಹುಲ್ಲಿಗೆ ಬೆಂಕಿ ಬಿದ್ದ ಹೊಗೆ, ನೆಂಟರ ಮಕ್ಕಳಿಂದ ಹತ್ತಿದ ನೆಗಡಿ, ಇವು ಯಾವುವೂ ತಟ್ಟೆಯಲ್ಲಿ ಕಾಣುವುದಿಲ್ಲ.

ಹಾಲು ಕಫ ಹೆಚ್ಚಿಸುತ್ತದೆಯೇ ಎಂಬುದನ್ನು ವಿಜ್ಞಾನಿಗಳು ನೇರವಾಗಿಯೇ ಪರೀಕ್ಷಿಸಿದ್ದಾರೆ. 1990ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಒಂದು ಅಧ್ಯಯನದಲ್ಲಿ 60 ಮಂದಿ ವಯಸ್ಕ ಸ್ವಯಂಸೇವಕರಿಗೆ ನೆಗಡಿಯ ವೈರಸ್ಸನ್ನು ಬೇಕೆಂದೇ ಹತ್ತಿಸಿ, ಅವರು ದಿನಕ್ಕೆ ಎಷ್ಟು ಹಾಲು ಕುಡಿಯುತ್ತಾರೆ, ಮೂಗಿನಿಂದ ಎಷ್ಟು ಸಿಂಬಳ ಬರುತ್ತದೆ ಎಂದು ತೂಗಿ ನೋಡಿದರು. ಎರಡಕ್ಕೂ ಸಂಬಂಧ ಕಾಣಲಿಲ್ಲ. ಹಾಲು ಕುಡಿದ ಮೇಲೆ ಗಂಟಲಲ್ಲಿ ಏನೋ ಹತ್ತಿಕೊಂಡಂತೆ ಆಗುವುದು ನಿಜವೇ, ಆದರೆ ಅದು ಹಾಲಿನ ಕೊಬ್ಬಿನ ಕಣಗಳು ಜೊಲ್ಲಿನೊಂದಿಗೆ ಬೆರೆತು ಕ್ಷಣಕಾಲ ಮೂಡಿಸುವ ಜಿಡ್ಡಿನ ಭಾವ, ಎದೆಯಿಂದ ಎದ್ದ ಕಫ ಅಲ್ಲ. ಬಾಳೆಹಣ್ಣಿನ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ: ತಿಂದ ಕೂಡಲೇ ಬಾಯಿ ತುರಿಸುವುದಾಗಲಿ ದದ್ದು ಏಳುವುದಾಗಲಿ ಇಲ್ಲದಿದ್ದರೆ ಅದನ್ನು ಬಿಡಿಸಲು ಕಾರಣವಿಲ್ಲ.

ಇನ್ನು ಆ ಕೆಂಪು ಬಣ್ಣದ ವರದಿ. ಐಜಿಜಿ ಮತ್ತು ಐಜಿಇ ನಡುವೆ ಒಂದೇ ಅಕ್ಷರದ ವ್ಯತ್ಯಾಸವಿದೆ, ಆದರೆ ಅವು ಹೇಳುವ ಕಥೆ ಬೇರೆ ಬೇರೆ. ರಕ್ಷಣಾ ವ್ಯವಸ್ಥೆ ತಯಾರಿಸಿ ರಕ್ತಕ್ಕೆ ಬಿಡುವ ಪ್ರೋಟೀನುಗಳಿಗೆ ಪ್ರತಿಕಾಯ ಎನ್ನುತ್ತಾರೆ, ಎರಡೂ ಅಂಥವೇ. ಅಲರ್ಜಿಯನ್ನು ಉಂಟುಮಾಡುವ ಪ್ರತಿಕಾಯ ಐಜಿಇ. 1960ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿದ್ದ ಜಪಾನಿನ ಇಶಿಜಾಕಾ ದಂಪತಿಯೂ ಸ್ವೀಡನ್ನಿನ ವಿಜ್ಞಾನಿಗಳೂ ಅದನ್ನು ಬೇರೆ ಬೇರೆಯಾಗಿ ಕಂಡುಹಿಡಿದರು. ಐಜಿಜಿ ಅದಲ್ಲ. ನಾವು ದಿನವೂ ತಿನ್ನುವ ಆಹಾರದ ಪರಿಚಯ ದೇಹಕ್ಕಿದೆ ಎಂಬುದಕ್ಕೆ ಐಜಿಜಿ ಒಂದು ಗುರುತು, ಎಷ್ಟೋ ಸಲ ಆ ಆಹಾರವನ್ನು ದೇಹ ಒಪ್ಪಿಕೊಂಡಿದೆ ಎಂಬುದರ ಗುರುತು. ನಿಮ್ಮ ಮಗನ ವರದಿಯಲ್ಲಿ ಕೆಂಪಾದವು ಯಾವುವು ನೋಡಿ: ಗೋಧಿ, ತೊಗರಿ, ಶೇಂಗಾ, ಹಾಲು, ಮೊಟ್ಟೆ. ನಮ್ಮ ಭಾಗದ ಯಾವ ಮಗುವಿನ ರಕ್ತ ಕಳಿಸಿದರೂ ಹೆಚ್ಚುಕಡಿಮೆ ಇಂಥದೇ ಪಟ್ಟಿ ಬರುವುದರಲ್ಲಿ ಆಶ್ಚರ್ಯವಿಲ್ಲ, ಏಕೆಂದರೆ ಅವು ನಾವು ಉಣ್ಣುವ ಪದಾರ್ಥಗಳು. ಈ ಪರೀಕ್ಷೆಯಿಂದ ಆಹಾರದ ಅಲರ್ಜಿಯನ್ನಾಗಲಿ ಅಸಹಿಷ್ಣುತೆಯನ್ನಾಗಲಿ ನಿರ್ಧರಿಸಬಾರದೆಂದು ಯುರೋಪಿನ ಅಲರ್ಜಿ ತಜ್ಞರ ಅಕಾಡೆಮಿ 2008ರಲ್ಲಿ, ಕೆನಡಾದ ತಜ್ಞರ ಸಂಘ 2012ರಲ್ಲಿ ಸ್ಪಷ್ಟವಾಗಿ ಹೇಳಿವೆ. ಹೀಗಿದ್ದೂ ಸಾವಿರಾರು ರೂಪಾಯಿ ತೆಗೆದುಕೊಂಡು ಇದನ್ನು ಮಕ್ಕಳಿಗೆ ಮಾಡುವುದು ನಡೆದೇ ಇದೆ, ಮತ್ತು ಅದರ ಬೆಲೆಯನ್ನು ಕೊನೆಗೆ ತೆರುವುದು ಮಗುವಿನ ಮೈ. ಇದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಐಜಿಇ ಪರೀಕ್ಷೆಯೂ ಒಂಟಿಯಾಗಿ ತೀರ್ಪು ಕೊಡಲಾರದು ಎಂಬುದನ್ನು ಇಲ್ಲೇ ಸೇರಿಸಬೇಕು. ಬೆಂಗಳೂರು ಮತ್ತು ಮೈಸೂರು ಭಾಗದ ವಯಸ್ಕರಲ್ಲಿ ನಡೆದು 2016ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯಲ್ಲಿ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಜನರ ರಕ್ತದಲ್ಲಿ ಯಾವುದಾದರೂ ಆಹಾರಕ್ಕೆ ಐಜಿಇ ಕಂಡಿತು, ಆದರೆ ಲಕ್ಷಣಗಳನ್ನೂ ಕೂಡಿಸಿ ನೋಡಿದಾಗ ಅಲರ್ಜಿ ಇರಬಹುದಾದವರು ಶೇ 1.2ರಷ್ಟು ಮಾತ್ರ. ಪರೀಕ್ಷೆಯ ಕಾಗದವನ್ನಷ್ಟೇ ನಂಬಿ ಆಹಾರ ಬಿಡಿಸಿದ್ದರೆ ಎಷ್ಟು ಜನ ಸುಮ್ಮನೆ ಉಪವಾಸ ಬೀಳುತ್ತಿದ್ದರು ಎಂದು ಯೋಚಿಸಿ.

ಇಷ್ಟು ಹೇಳಿದ ಮೇಲೆ, ಆಹಾರಕ್ಕೂ ಶ್ವಾಸನಾಳಕ್ಕೂ ಸಂಬಂಧವೇ ಇಲ್ಲ ಎಂದು ನೀವು ತಿಳಿದರೆ ಅದೂ ತಪ್ಪಾಗುತ್ತದೆ. ಸಂಬಂಧ ಇದೆ, ಆದರೆ ಅದರ ದಾರಿಗಳು ಕೆಲವೇ, ಮತ್ತು ಗುರುತಿಸಬಲ್ಲಂಥವು. ಹಸುಳೆಯಾಗಿದ್ದಾಗ ಮೊಣಕೈ, ಮೊಣಕಾಲ ಮಡಿಕೆಗಳಲ್ಲಿ ತುರಿಕೆಯ ಇಸುಬು, ಆಮೇಲೆ ಹಾಲು ಅಥವಾ ಮೊಟ್ಟೆಯ ಅಲರ್ಜಿ, ಆಮೇಲೆ ಸೀನು ನೆಗಡಿ, ಕೊನೆಗೆ ಅಸ್ತಮಾ: ಕೆಲವು ಮಕ್ಕಳಲ್ಲಿ ಇವು ಒಂದರ ಹಿಂದೆ ಒಂದು ಬರುತ್ತವೆ. ಇಲ್ಲಿ ಮೊಟ್ಟೆ ಅಸ್ತಮಾವನ್ನು ಉಂಟುಮಾಡಿತೆಂದಲ್ಲ, ಒಂದೇ ಬೇರಿನಿಂದ ಎರಡೂ ಚಿಗುರಿದವು ಎಂದರ್ಥ. ಹೀಗೆ ಎರಡೂ ಇರುವ ಮಗುವಿನ ವಿಷಯದಲ್ಲಿ ನಾನು ಬಹಳ ಎಚ್ಚರ ವಹಿಸುತ್ತೇನೆ, ಏಕೆಂದರೆ ಅಸ್ತಮಾ ಹತೋಟಿಯಲ್ಲಿಲ್ಲದವರಲ್ಲಿ ಆಹಾರದ ಅಲರ್ಜಿ ಪ್ರಾಣಕ್ಕೆ ಎರವಾಗುವ ಸಾಧ್ಯತೆ ಹೆಚ್ಚು. ನನ್ನಲ್ಲಿ ಚಿಕಿತ್ಸೆ ಪಡೆದ ಒಬ್ಬ ಬಾಲಕಿ ಶೇಂಗಾ ಚಿಕ್ಕಿಯ ಒಂದು ತುಂಡು ತಿಂದ ಕಾಲು ಗಂಟೆಯೊಳಗೆ ಮೈತುಂಬ ಗಂಧೆಯೆದ್ದು, ತುಟಿ ಊದಿ, ಉಬ್ಬಸ ಹತ್ತಿ ಬಂದಿದ್ದಳು. ಹಿಂದೆ ಎರಡು ಸಲ ಶೇಂಗಾ ತಿಂದಾಗಲೂ ಹಾಗೆಯೇ ಆಗಿತ್ತು. ತೊಡೆಯ ಸ್ನಾಯುವಿಗೆ ಕೂಡಲೇ ಅಡ್ರಿನಲಿನ್ ಚುಚ್ಚುಮದ್ದು ಕೊಟ್ಟಿದ್ದರಿಂದ ಉಳಿದಳು. ಅವಳಿಗೆ ಶೇಂಗಾ ಪೂರ್ತಿ ವರ್ಜ್ಯ, ಅದರಲ್ಲಿ ರಾಜಿಯಿಲ್ಲ. ಅಸ್ತಮಾ ಇರುವ ಮಕ್ಕಳಲ್ಲಿ ಆಹಾರದಿಂದಲೇ ದಮ್ಮು ಕೆರಳುವವರು ನೂರಕ್ಕೆ ಹತ್ತಕ್ಕಿಂತ ಕಡಿಮೆ, ಮತ್ತು ಅವರಲ್ಲೂ ಬಹುಪಾಲು ಮಕ್ಕಳಿಗೆ ಚರ್ಮವೋ ಹೊಟ್ಟೆಯೋ ಮೊದಲು ಸುಳಿವು ಕೊಡುತ್ತದೆ. ಚರ್ಮದಲ್ಲಿ ಏನೂ ಇಲ್ಲದೆ, ಹೊಟ್ಟೆಯಲ್ಲಿ ಏನೂ ಇಲ್ಲದೆ, ಆಹಾರದಿಂದ ಬರಿಯ ಕೆಮ್ಮು ದಮ್ಮು ವರ್ಷಗಟ್ಟಲೆ ಬರುವುದು ಅಪರೂಪ.

ಇನ್ನೊಂದು ದಾರಿ ಉಣ್ಣುವುದರದ್ದಲ್ಲ, ಉಸಿರಾಡುವುದರದ್ದು. ಒಣಮೆಣಸಿನಕಾಯಿ ಹುರಿಯುವ ಘಾಟು, ಕಾಯ್ದ ಎಣ್ಣೆಯ ಹೊಗೆ, ಗಿರಣಿಯಲ್ಲಿ ಹಾರುವ ಹಿಟ್ಟು, ಇವು ಈಗಾಗಲೇ ಕೆರಳಿರುವ ಶ್ವಾಸನಾಳವನ್ನು ನೇರವಾಗಿ ಕುಟುಕುತ್ತವೆ. ಜಾತ್ರೆಯ ದಿನ ನಿಮ್ಮ ಮಗ ಮಿರ್ಚಿ ಕರಿಯುವ ಬಾಣಲೆಯ ಪಕ್ಕದಲ್ಲೇ ನಿಂತಿದ್ದನೇ ಎಂದು ನೆನಪಿಸಿಕೊಳ್ಳಿ.

ಆದರೆ ಆ ಕಿತ್ತಳೆ ಬಣ್ಣದ ಪಾನೀಯವನ್ನು ನಾನು ತಳ್ಳಿಹಾಕುವುದಿಲ್ಲ. ನೀವು ಬರೆದ ಆಹಾರಗಳಲ್ಲೆಲ್ಲ, ತಿಂದ ಅಥವಾ ಕುಡಿದ ಐದು ನಿಮಿಷಕ್ಕೆ ಕೆಮ್ಮು ಹತ್ತಿದ್ದು ಅದೊಂದರಲ್ಲೇ. ಹಣ್ಣಿನ ಪಾನಕ, ಸಿರಪ್ಪು, ಕೆಲವು ಒಣಹಣ್ಣುಗಳು ಕೆಡದಿರಲೆಂದು ಸಲ್ಫೈಟ್ ಎಂಬ ರಾಸಾಯನಿಕ ಸೇರಿಸುತ್ತಾರೆ. ಹುಳಿಯೊಂದಿಗೆ ಸೇರಿದಾಗ ಅದರಿಂದ ಗಂಧಕದ ಡೈಆಕ್ಸೈಡ್ ಅನಿಲ ಹೊರಡುತ್ತದೆ, ನುಂಗುವಾಗ ಆ ಅನಿಲವನ್ನು ಮಗು ಉಸಿರಿನೊಂದಿಗೆ ಒಳಗೆಳೆದುಕೊಳ್ಳುತ್ತದೆ. ಅಸ್ತಮಾ ಇರುವವರಲ್ಲಿ ಒಂದು ಸಣ್ಣ ಭಾಗಕ್ಕೆ ಇದರಿಂದ ತಕ್ಷಣ ಉಬ್ಬಸ ಹತ್ತುವುದು ಚೆನ್ನಾಗಿ ದಾಖಲಾಗಿರುವ ಸಂಗತಿ. ಇದು ಅಸಹಿಷ್ಣುತೆಯೇ, ಅಲರ್ಜಿಯಲ್ಲ. ‘ಆಹಾರದ ಅಸಹಿಷ್ಣುತೆಯಿಂದ ದಮ್ಮು’ ಎಂಬ ಮಾತು ನಿಜವಾಗುವ ಕೆಲವೇ ಜಾಗಗಳಲ್ಲಿ ಇದೊಂದು. ಬಾಟಲಿಯ ಮೇಲಿನ ಪಟ್ಟಿಯಲ್ಲಿ ಸಂರಕ್ಷಕ ಎಂದು 220ರಿಂದ 228ರವರೆಗಿನ ಯಾವುದಾದರೂ ಸಂಖ್ಯೆ ಇದೆಯೇ ನೋಡಿ. ಬಣ್ಣ ಮತ್ತು ಅಜಿನೊಮೊಟೊ ಮೇಲಿನ ಆರೋಪಕ್ಕೆ ಇಷ್ಟು ಗಟ್ಟಿಯಾದ ಆಧಾರವಿಲ್ಲ. ಸದ್ಯಕ್ಕೆ ಬಾಟಲಿಯ ಬಣ್ಣದ ಪಾನೀಯಗಳನ್ನು ನಿಲ್ಲಿಸಿ, ಅದರಿಂದ ಮಗು ಕಳೆದುಕೊಳ್ಳುವುದು ಏನೂ ಇಲ್ಲ. ಒಂದು ವೇಳೆ ಜಾತ್ರೆಯ ದೂಳೇ ಅಪರಾಧಿಯಾಗಿದ್ದರೂ ನಷ್ಟವಾಗದು.

ಶೇಂಗಾ ಬೆಳೆಯುವ ಸೀಮೆಯವನಾಗಿ ಮತ್ತೊಂದು ಮಾತು ಹೇಳಲೇಬೇಕು. ಸಂಡೂರಿನ ಕಡೆಯ ಎರಡೂವರೆ ವರ್ಷದ ಮಗುವೊಂದನ್ನು ಮೂರು ತಿಂಗಳು ಹಾಲು ಬಿಡಿಸಿ ನನ್ನ ಬಳಿ ಕರೆತಂದಿದ್ದರು. ಹಾಲಿನ ಕಫದಿಂದ ಕೆಮ್ಮು ಎಂದು ಅವರ ನಂಬಿಕೆ. ಸ್ಟೆತಾಸ್ಕೋಪು ಇಟ್ಟಾಗ ಸುಂಯ್ ಸದ್ದು ಬಲಗಡೆ ಮಾತ್ರ ಇತ್ತು, ಆ ಕಡೆ ಗಾಳಿಯೂ ಕಡಿಮೆ ಹೋಗುತ್ತಿತ್ತು. ಒತ್ತಿ ಕೇಳಿದ ಮೇಲೆ, ಕೆಮ್ಮು ಶುರುವಾದ ದಿನ ಮಗು ಶೇಂಗಾ ತಿನ್ನುತ್ತ ಅಣ್ಣನ ಹಿಂದೆ ಓಡುವಾಗ ಒಮ್ಮೆ ಉಸಿರು ಸಿಕ್ಕಿದಂತಾಗಿತ್ತು ಎಂದು ಅಜ್ಜಿ ನೆನಪು ಮಾಡಿಕೊಂಡರು. ಬ್ರಾಂಕೋಸ್ಕೋಪಿ, ಅಂದರೆ ಶ್ವಾಸನಾಳದೊಳಗೆ ದುರ್ಬೀನು ಇಳಿಸಿ ನೋಡುವ ಪರೀಕ್ಷೆ, ಮಾಡಿದಾಗ ಬಲ ಶ್ವಾಸನಾಳದಲ್ಲಿ ಅರ್ಧ ಶೇಂಗಾ ಬೀಜ ಸಿಕ್ಕಿತು. ಶೇಂಗಾ ಹಿಂಡಿಯನ್ನು ಅನ್ನಕ್ಕೆ ಕಲಸಿ ಕೊಡಲು ಅಡ್ಡಿಯಿಲ್ಲ, ಆದರೆ ನಾಲ್ಕೈದು ವರ್ಷದೊಳಗಿನ ಮಕ್ಕಳ ಕೈಗೆ ಇಡಿಯ ಬೀಜ ಕೊಡಬಾರದು. ನಿಮ್ಮ ಮಗನಿಗೆ ಇದು ಮೂರನೆಯ ವರ್ಷದಲ್ಲಿ ಶುರುವಾದದ್ದರಿಂದ, ಆಗ ಹೀಗೇನಾದರೂ ಆಗಿತ್ತೇ ಎಂದು ಒಮ್ಮೆ ಮನೆಯಲ್ಲಿ ಎಲ್ಲರನ್ನೂ ಕೇಳಿ. ಎರಡೂ ಕಡೆ ಸದ್ದು ಬಂದು ಹೋಗುವುದಾದರೆ ಆ ಸಾಧ್ಯತೆ ಕಡಿಮೆ.

ನಿಮ್ಮ ವಿವರಣೆ ಹೆಚ್ಚಾಗಿ ಹೋಲುವುದು ಸರಿಯಾದ ಚಿಕಿತ್ಸೆ ಸಿಗದ ಅಸ್ತಮಾವನ್ನು. ನಮ್ಮ ಕಡೆ ದಮ್ಮು, ಗೂರಲು ಎನ್ನುವುದು ಇದನ್ನೇ. ಶ್ವಾಸನಾಳದ ಒಳಪದರ ಸದಾ ಸ್ವಲ್ಪ ಊದಿಕೊಂಡೇ ಇರುತ್ತದೆ, ಮಗು ಆಡಿಕೊಂಡಿರುವ ದಿನಗಳಲ್ಲೂ. ನೆಗಡಿಯ ವೈರಸ್ಸೋ ಹೊಗೆಯೋ ತಾಗಿದಾಗ ಆ ಊದಿದ ನಾಳದ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಒಳಗೆ ಲೋಳೆ ತುಂಬುತ್ತದೆ. ನೀವು ಕಾಣುವ ಕಫ ಅಲ್ಲಿಯೇ ಹುಟ್ಟಿದ್ದು, ಹೊಟ್ಟೆಯಿಂದ ಬಂದದ್ದಲ್ಲ. ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪದ ಗಿರಣಿಗಳಲ್ಲಿ ಭತ್ತದ ಹೊಟ್ಟನ್ನೇ ಬಾಯ್ಲರಿಗೆ ಉರಿಸುತ್ತಾರೆ. ಮಾಳಿಗೆಯ ಮೇಲೆ ಒಣಹಾಕಿದ ಬಟ್ಟೆಗೆ ಬೀಳುವ ಕರಿ ಬೂದಿ ಮಗುವಿನ ಮೂಗಿಗೂ ಹೋಗುತ್ತದೆ. ರಾಯಚೂರಿನ ಶಕ್ತಿನಗರದ ಹಾರುಬೂದಿ, ಸಂಡೂರಿನ ಅದಿರಿನ ಕೆಂಪು ದೂಳು, ಕೊಪ್ಪಳ ಸುತ್ತಲಿನ ಕಾರ್ಖಾನೆಗಳ ಹೊಗೆಯ ಬಗ್ಗೆ ಅಲ್ಲಿನ ತಾಯಂದಿರು ಹೇಳುವುದೂ ಇದನ್ನೇ. ಇವುಗಳ ಜೊತೆಗೆ ನಮ್ಮ ಜಿಲ್ಲೆಯ ಹೆಸರನ್ನೇ ಹೊತ್ತ ಬಳ್ಳಾರಿ ಜಾಲಿಯ ಪರಾಗ, ಕಾಂಗ್ರೆಸ್ ಕಸ, ಹಾಸಿಗೆಯ ದೂಳಿನ ಹುಳು, ಜಿರಳೆ. ಗಿರಣಿಯನ್ನು ನೀವು ಸರಿಸಲಾರಿರಿ. ಆದರೆ ಬಾಯ್ಲರ್ ಉರಿಯುವ ಹೊತ್ತಿನಲ್ಲಿ ಹಿಂದಿನ ಕಿಟಕಿ ಮುಚ್ಚಿ, ಅವನ ಹಾಸಿಗೆಯನ್ನು ಮುಂದಿನ ಕೋಣೆಗೆ ತನ್ನಿ, ನೆಲವನ್ನು ಗುಡಿಸುವ ಬದಲು ಒದ್ದೆ ಬಟ್ಟೆಯಿಂದ ಒರೆಸಿ. ಮನೆಯೊಳಗಿನ ಬೀಡಿ, ಸೊಳ್ಳೆ ಬತ್ತಿ, ಲೋಬಾನದ ಹೊಗೆಯನ್ನು ಪೂರ್ತಿ ನಿಲ್ಲಿಸಿ. ಒಟ್ಟಾಗಿ ಅರ್ಜಿ ಕೊಟ್ಟು ಬೂದಿಯನ್ನು ಹಿಡಿಯುವ ಸಾಧನ ಹಾಕಿಸುವಂತೆ ಓಣಿಯವರು ಕೇಳುವುದು ನ್ಯಾಯವಾದ ಕೆಲಸ.

ಈಗ ಇನ್ಹೇಲರ್ ಬಗ್ಗೆ. ನೀವು ಸೌಮ್ಯವೆಂದು ನಂಬಿರುವ ಸಿರಪ್ಪಿನಲ್ಲಿ ಇರುವುದು ಸಾಲ್ಬುಟಮಾಲ್ ಆಗಿದ್ದರೆ, ಅದರ ಒಂದು ಚಮಚದಲ್ಲಿ, ಅಂದರೆ 5 ಮಿ.ಲೀ.ನಲ್ಲಿ, 2 ಮಿಲಿಗ್ರಾಂ ಔಷಧವಿರುತ್ತದೆ. ಅದೇ ಔಷಧದ ಇನ್ಹೇಲರಿನ ಒಂದು ಒತ್ತಿನಲ್ಲಿ 100 ಮೈಕ್ರೋಗ್ರಾಂ, ಅಂದರೆ ಚಮಚದ ಇಪ್ಪತ್ತನೆಯ ಒಂದು ಪಾಲು. ಸಿರಪ್ಪು ಹೊಟ್ಟೆ, ರಕ್ತ ಎಲ್ಲ ಸುತ್ತಿ, ಕೈ ನಡುಗಿಸಿ, ಎದೆ ಬಡಿತ ಹೆಚ್ಚಿಸಿ, ತಡವಾಗಿ ಶ್ವಾಸನಾಳವನ್ನು ಮುಟ್ಟುತ್ತದೆ. ಇನ್ಹೇಲರನ್ನು ಸ್ಪೇಸರ್, ಅಂದರೆ ಅದರ ಬಾಯಿಗೆ ಜೋಡಿಸುವ ಪ್ಲಾಸ್ಟಿಕ್ ಕೊಳವೆಯ, ಮೂಲಕ ಕೊಟ್ಟಾಗ ಔಷಧ ನಿಮಿಷಗಳಲ್ಲಿ ನೇರವಾಗಿ ಅಲ್ಲಿಗೇ ಹೋಗುತ್ತದೆ. ಆದರೆ ಈ ಔಷಧ ಬಿಗಿದ ಸ್ನಾಯುವನ್ನು ಸಡಿಲಿಸುವುದಷ್ಟೆ, ಒಳಗಿನ ಊತವನ್ನು ಇಳಿಸುವುದಿಲ್ಲ. ಊತಕ್ಕೆ ಬ್ಯುಡೆಸೊನೈಡಿನಂತಹ ಸ್ಟೀರಾಯ್ಡ್ ಇನ್ಹೇಲರನ್ನು ಕಡಿಮೆ ಪ್ರಮಾಣದಲ್ಲಿ, ದಮ್ಮು ಇರಲಿ ಬಿಡಲಿ, ದಿನವೂ ಎಳೆಯಬೇಕು. ಹದಿನೈದು ದಿನ ಅದಕ್ಕೆ ಸಾಲದು. ಇದು ಚಟ ಹಿಡಿಸುವ ವಸ್ತುವಲ್ಲ, ಮಗು ಅದನ್ನು ಬಯಸುವುದಿಲ್ಲ, ಬಿಟ್ಟರೆ ಚಡಪಡಿಸುವುದಿಲ್ಲ. ತೊಂದರೆಗಳೇ ಇಲ್ಲವೆಂದು ನಾನು ಹೇಳಲಾರೆ. ವರ್ಷಗಟ್ಟಲೆ ಬಳಸಿದ ಮಕ್ಕಳ ಎತ್ತರ ದೊಡ್ಡವರಾದಾಗ ಸುಮಾರು ಒಂದು ಸೆಂಟಿಮೀಟರಿನಷ್ಟು ಕಡಿಮೆಯಾಗಬಹುದು, ಮತ್ತು ಬಾಯಿ ಮುಕ್ಕಳಿಸದಿದ್ದರೆ ನಾಲಿಗೆಯ ಮೇಲೆ ಬಿಳಿ ಹುಣ್ಣು ಬರಬಹುದು. ಇದಕ್ಕೆ ಎದುರಾಗಿ ತಿಂಗಳಿಗೆರಡು ಸಲ ದಮ್ಮು, ನಿದ್ದೆಗೆಟ್ಟ ರಾತ್ರಿಗಳು, ಪೋಷಣೆಯಿಲ್ಲದ ಒಂದು ವರ್ಷ ಅವನ ಬೆಳವಣಿಗೆಯಿಂದ ಕಿತ್ತುಕೊಳ್ಳುವುದನ್ನು ತೂಗಿ ನೋಡಿದಾಗ ನನ್ನ ಮನಸ್ಸಿನಲ್ಲಿ ಅನುಮಾನ ಉಳಿಯುವುದಿಲ್ಲ. ಇದು ನನ್ನ ಮಗನಾಗಿದ್ದರೆ ಇಂದೇ ಶುರುಮಾಡುತ್ತಿದ್ದೆ.

ಆಹಾರವನ್ನು ಮರಳಿ ತರುವ ಮುನ್ನ ಎರಡು ಪ್ರಶ್ನೆಗಳಿಗೆ ನೀವು ಉತ್ತರ ಕೊಡಬೇಕು. ಹಾಲು, ಮೊಟ್ಟೆ, ಗೋಧಿ, ತೊಗರಿ, ಶೇಂಗಾ, ಇವುಗಳಲ್ಲಿ ಯಾವುದನ್ನಾದರೂ ತಿಂದ ಎರಡು ಗಂಟೆಯೊಳಗೆ ಅವನಿಗೆ ಗಂಧೆ, ಊತ, ಬಿಡದ ವಾಂತಿ ಎಂದಾದರೂ ಆಗಿತ್ತೇ? ಅವನಿಗೆ ಇಸುಬು ಇದೆಯೇ ಅಥವಾ ಇತ್ತೇ? ಎರಡರಲ್ಲಿ ಒಂದಕ್ಕಾದರೂ ಹೌದು ಎಂಬ ಉತ್ತರ ಬಂದರೆ ಮನೆಯಲ್ಲಿ ಪ್ರಯೋಗ ಬೇಡ, ಏಕೆಂದರೆ ಇಂಥ ಮಕ್ಕಳು ಒಂದು ಆಹಾರವನ್ನು ದೀರ್ಘಕಾಲ ಬಿಟ್ಟು ಮತ್ತೆ ತಿಂದಾಗ ಹಿಂದೆಂದೂ ಕಾಣದಷ್ಟು ಜೋರಾದ ಅಲರ್ಜಿ ತೋರುವ ಅಪಾಯವಿದೆ. ಆಗ ಚರ್ಮದ ಚುಚ್ಚು ಪರೀಕ್ಷೆ ಮಾಡಿಸಿ, ಮೊದಲ ತುತ್ತನ್ನು ಅಡ್ರಿನಲಿನ್ ಸಿದ್ಧವಿರುವ ಆಸ್ಪತ್ರೆಯಲ್ಲೇ ತಿನ್ನಿಸಬೇಕು. ಅಲರ್ಜಿಯನ್ನು ಖಚಿತವಾಗಿ ಹೇಳುವುದು ಆ ತುತ್ತೇ, ಕಾಗದವಲ್ಲ. ಎರಡಕ್ಕೂ ಇಲ್ಲ ಎಂದಾದರೆ, ದಮ್ಮು ನೆಗಡಿ ಇಲ್ಲದ ದಿನ ಬೆಳಗಿನ ಹೊತ್ತು ಒಂದೊಂದನ್ನೇ ಸ್ವಲ್ಪ ಸ್ವಲ್ಪವಾಗಿ ಕೊಡುತ್ತ, ಒಂದಕ್ಕೂ ಇನ್ನೊಂದಕ್ಕೂ ನಡುವೆ ಮೂರು ನಾಲ್ಕು ದಿನ ಬಿಡಿ. ತೊಗರಿಬೇಳೆಯಿಂದ ಶುರುಮಾಡಿ, ಏಕೆಂದರೆ ತಿಳಿಸಾರಿನಲ್ಲಿ ಬೇಳೆಯೇ ಇಲ್ಲದೆ ಅವನು ವರ್ಷ ಕಳೆದಿದ್ದಾನೆ. ಆಮೇಲೆ ಗೋಧಿ, ಮೊಸರು, ಬೇಯಿಸಿದ ಮೊಟ್ಟೆ, ಕೊನೆಗೆ ಅನ್ನಕ್ಕೆ ಕಲಸಿದ ಶೇಂಗಾ ಹಿಂಡಿ. ಹಾಲನ್ನು ಅರ್ಧ ಲೋಟಕ್ಕಿಂತ ಕಡಿಮೆಯಿಂದ ಶುರುಮಾಡಿ. ಹೊಟ್ಟೆ ಉಬ್ಬಿದರೆ ಮೊಸರೇ ಸಾಕು. ಹಸುವಿನ ಹಾಲಿಗೆ ಬದಲು ಆಡಿನ ಹಾಲು ಕೊಡಿ ಎಂದು ಯಾರಾದರೂ ಹೇಳಬಹುದು: ಹಸುವಿನ ಹಾಲಿಗೆ ನಿಜವಾದ ಅಲರ್ಜಿ ಇರುವವರಲ್ಲಿ ಬಹುತೇಕರಿಗೆ ಆಡು, ಎಮ್ಮೆಯ ಹಾಲೂ ಆಗುವುದಿಲ್ಲ, ಅಲರ್ಜಿ ಇಲ್ಲದವರಿಗೆ ಆ ಬದಲಾವಣೆ ಬೇಕಿಲ್ಲ.

ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, 150 ಮಿ.ಲೀ. ಹಾಲಿನಲ್ಲಿ ಸುಮಾರು 5 ಗ್ರಾಂ ಪ್ರೋಟೀನ್ ಇದೆ. ಶಾಲೆಯಲ್ಲಿ 2013ರಿಂದ ಕ್ಷೀರಭಾಗ್ಯದ ಹಾಲು, ಮತ್ತು 2021ರ ಡಿಸೆಂಬರಿನಲ್ಲಿ ನಮ್ಮ ಭಾಗದ ಜಿಲ್ಲೆಗಳಿಂದಲೇ ಆರಂಭವಾದ ಮೊಟ್ಟೆಯ ಯೋಜನೆ ಬಂದದ್ದು ಇಲ್ಲಿನ ಮಕ್ಕಳ ಅಪೌಷ್ಟಿಕತೆಯನ್ನು ಕಂಡೇ. ಆಹಾರಗಳು ಒಂದೊಂದಾಗಿ ಸರಿಹೋದ ಮೇಲೆ ಶಾಲೆಗೆ ಕೊಟ್ಟ ಚೀಟಿಯನ್ನು ಹಿಂದಕ್ಕೆ ಪಡೆಯಿರಿ. ಮೈಯಲ್ಲಿ ಸತ್ವವಿಲ್ಲದ ಮಗುವಿಗೆ ನೆಗಡಿ ಬೇಗ ಹತ್ತುತ್ತದೆ, ನೆಗಡಿಯೇ ದಮ್ಮಿನ ಮುಖ್ಯ ಪ್ರಚೋದಕ.

ತೂಕ ನಿಂತಿರುವುದಕ್ಕೆ ಪಥ್ಯವೊಂದೇ ಕಾರಣ ಎಂದು ಪತ್ರ ಓದಿ ನಿರ್ಧರಿಸುವಂತಿಲ್ಲ. ದಿನವೂ ಬಿಡದೆ ನಾಲ್ಕು ವಾರ ಮೀರಿ ಹಸಿ ಕೆಮ್ಮು, ಸಂಜೆಯ ಜ್ವರ, ಉಗುರಿನ ತುದಿ ಉಬ್ಬುವುದು, ಜಿಡ್ಡಾದ ದುರ್ವಾಸನೆಯ ಮಲ, ಮನೆಯಲ್ಲಿ ಯಾರಿಗಾದರೂ ಕ್ಷಯ, ಇವುಗಳಲ್ಲಿ ಯಾವುದಿದ್ದರೂ ಎದೆಯ ಎಕ್ಸ್‌ರೇ, ಕ್ಷಯದ ತಪಾಸಣೆ, ಬೇಕಾದರೆ ಸಿಸ್ಟಿಕ್ ಫೈಬ್ರೋಸಿಸ್ ಎಂಬ ಹುಟ್ಟಿನಿಂದ ಬರುವ ಕಾಯಿಲೆಯನ್ನು ಗುರುತಿಸುವ ಬೆವರಿನ ಪರೀಕ್ಷೆ ಆಗಬೇಕು. ರಾತ್ರಿ ಉಂಡ ಕೂಡಲೇ ಮಲಗಿ ಹುಳಿತೇಗು, ಎದೆಯುರಿ ಎನ್ನುವ ಮಗುವಾದರೆ ಜಠರದ ಆಮ್ಲ ಮೇಲೇರುವುದನ್ನೂ ನೋಡಬೇಕು. ಊಟಕ್ಕೂ ನಿದ್ದೆಗೂ ಎರಡು ಗಂಟೆ ಅಂತರವಿಡುವುದು ಹೇಗೂ ಒಳ್ಳೆಯದು. ಆರು ವರ್ಷ ದಾಟಿದ ಮಕ್ಕಳು ಸಾಮಾನ್ಯವಾಗಿ ಊದಿ ತೋರಿಸುವ ಸ್ಪೈರೋಮೆಟ್ರಿ ಪರೀಕ್ಷೆ ಮಾಡಬಲ್ಲರು. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ, ನಿಮಗೆ ಹತ್ತಿರದ ಕೊಪ್ಪಳದ ಮಕ್ಕಳ ವಿಭಾಗದಲ್ಲಿ ಮೊದಲು ತೋರಿಸಿ.

ಹೋಗುವಾಗ ಒಂದು ನೋಟುಪುಸ್ತಕ ಜೊತೆಗಿರಲಿ. ದಮ್ಮು ಬಂದ ದಿನ, ಹೊತ್ತು, ಹಿಂದಿನ ಆರು ಗಂಟೆಗಳಲ್ಲಿ ತಿಂದದ್ದು, ನೆಗಡಿ ಇತ್ತೇ, ಗಿರಣಿ ನಡೆಯುತ್ತಿತ್ತೇ, ಯಾವ ಹೊಗೆ ಇತ್ತು ಎಂದು ಎಂಟು ವಾರ ಬರೆಯಿರಿ, ಹದಿನೈದು ದಿನಕ್ಕೊಮ್ಮೆ ತೂಕವನ್ನೂ ಬರೆಯಿರಿ. ಇನ್ಹೇಲರ್ ಹಿಡಿಯುವ ವಿಧಾನವನ್ನು ವೈದ್ಯರ ಮುಂದೆ ಅವನಿಂದಲೇ ಮಾಡಿಸಿ ತೋರಿಸಿ, ಏಕೆಂದರೆ ಔಷಧ ಫಲಿಸದ ಎಷ್ಟೋ ಮಕ್ಕಳಲ್ಲಿ ನಾನು ಕಾಣುವ ದೋಷ ಎಳೆಯುವ ರೀತಿಯಲ್ಲೇ ಇರುತ್ತದೆ. ಎಂಟು ವಾರ ಸರಿಯಾಗಿ ಔಷಧ ತೆಗೆದುಕೊಂಡೂ ಒಂದು ನಿರ್ದಿಷ್ಟ ಆಹಾರದ ಬೆನ್ನಿಗೇ ಮೂರು ಸಲ ದಮ್ಮು ಬಂದದ್ದು ನಿಮ್ಮ ಪುಸ್ತಕದಲ್ಲಿ ಕಂಡರೆ, ಆಗ ಅದೊಂದನ್ನು ಮಾತ್ರ, ತಜ್ಞರ ಕಣ್ಣೆದುರಿನಲ್ಲಿ, ಎರಡರಿಂದ ನಾಲ್ಕು ವಾರ ಬಿಟ್ಟು ಮತ್ತೆ ಕೊಟ್ಟು ನೋಡೋಣ. ಈ ನಡುವೆ ಯಾವ ದಿನವಾದರೂ ಅವನು ಒಂದು ವಾಕ್ಯವನ್ನು ಪೂರ್ತಿ ಮಾಡಲಾಗದಷ್ಟು ಏದುಸಿರು ಬಿಟ್ಟರೆ, ಪಕ್ಕೆ ಒಳಗೆ ಸೆಳೆದುಕೊಂಡರೆ, ತುಟಿ ನೀಲಿಯಾದರೆ, ಅಥವಾ ಒದ್ದಾಡುತ್ತಿದ್ದವನು ಇದ್ದಕ್ಕಿದ್ದಂತೆ ಮಂಕಾದರೆ, ಸ್ಪೇಸರಿನಿಂದ ಸಾಲ್ಬುಟಮಾಲ್ ಕೊಡುತ್ತಲೇ 108ಕ್ಕೆ ಕರೆ ಮಾಡಿ, ಬೆಳಗಾಗಲೆಂದು ಕಾಯಬೇಡಿ.